ನಿಮ್ಮ ಪಾಯಸದ್ದೇನೂ ತಪ್ಪಿಲ್ಲ

ಓದುಗರ ಪತ್ರ: "ನಾನು ದಾವಣಗೆರೆಯವಳು. ಆರು ವರ್ಷದಿಂದ ಜರ್ಮನಿಯ ಬ್ರೆಮೆನ್‌ನಲ್ಲಿದ್ದೇನೆ. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ತಾಯಿ ಮತ್ತು ನಾಲ್ಕು ವರ್ಷದ ಮಗ ಇದ್ದಾರೆ. ಆಕೆಗೆ ಹಿಂದೆ ಹೆರಾಯಿನ್ ಚಟವಿತ್ತು. ಅದನ್ನು ಬಿಟ್ಟು ಈಗ ಅದರ ಬದಲಿಗೆ ಡಾಕ್ಟರ್ ಕೊಡುವ ಮೆಥಡೋನ್ ಎಂಬ ಮದ್ದು ಕುಡಿಯುತ್ತಾಳೆ. ಯೂಗೆಂಡಾಮ್ಟ್‌ನವರು, ಅಂದರೆ ಇಲ್ಲಿನ ಮಕ್ಕಳ ಕಲ್ಯಾಣ ಇಲಾಖೆಯವರು, ಹುಡುಗನ ಕೂದಲು ಪರೀಕ್ಷೆ ಮಾಡಿಸಿದರು. ಮೆಥಡೋನ್ ಇದೆ ಅಂತ ಬಂದಿದೆ. 'ನಾನು ಕೊಟ್ಟಿಲ್ಲ' ಅಂತ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ದೀಪಾವಳಿಗೆ ಆ ಹುಡುಗನಿಗೆ ನಾನು ಗಸಗಸೆ ಪಾಯಸ ಕೊಟ್ಟಿದ್ದೆ. ಅದರಿಂದ ಹೀಗಾಯಿತಾ? ನಾನು ಆಕೆಯನ್ನು ನಂಬಲೋ, ಕೂದಲನ್ನು ನಂಬಲೋ?"

ಸಂಪಾದಕರ ಉತ್ತರ: ಮೊದಲು ಪಾಯಸದ ವಿಷಯ ಮುಗಿಸೋಣ. ಅದೇ ಚಿಂತೆಯಲ್ಲಿ ನೀವು ನಿದ್ದೆಗೆಟ್ಟ ಹಾಗೆ ಕಾಣುತ್ತದೆ.

ನಿಮ್ಮ ಅನುಮಾನ ಪೂರ್ತಿ ಆಧಾರವಿಲ್ಲದ್ದಲ್ಲ. ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ. ಕಾಳಿನ ಮೇಲೆ ಮಾರ್ಫಿನ್, ಕೊಡೀನ್ ಚೂರುಪಾರು ಅಂಟಿರುತ್ತದೆ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಂಡದ್ದುಂಟು. ದುಬೈಗೆ ಹೊರಟವರಿಗೆ "ಗಸಗಸೆ ಪೊಟ್ಟಣ ಮಾತ್ರ ಬ್ಯಾಗಿಗೆ ಹಾಕಬೇಡಿ" ಅಂತ ಮನೆಯವರು ಹೇಳುವುದು ಸುಮ್ನೆ ಅಲ್ಲ, ಅಲ್ಲಿ ಅದಕ್ಕೆ ನಿಷೇಧವಿದೆ. ಆದರೆ ಮೆಥಡೋನ್ ಗಿಡದಲ್ಲಿ ಹುಟ್ಟುವ ವಸ್ತುವಲ್ಲ. 1930ರ ದಶಕದ ಕೊನೆಗೆ ಜರ್ಮನಿಯ ಲ್ಯಾಬಿನಲ್ಲೇ ತಯಾರಾದ ರಾಸಾಯನಿಕ ಅದು. ಎಷ್ಟು ಲೋಟ ಪಾಯಸ ಕುಡಿದರೂ ಅದರಿಂದ ಕೂದಲಿಗೆ ಮೆಥಡೋನ್ ಬರುವುದಿಲ್ಲ.

ಇನ್ನು ಕೂದಲು. ಪರೀಕ್ಷೆಗೆ ಕೂದಲು ತೆಗೆಯುವುದು ಹೇಗೆ ಗೊತ್ತಾ? ತಲೆಯ ಹಿಂಭಾಗದಲ್ಲಿ ಪೆನ್ಸಿಲ್ ದಪ್ಪದ ಒಂದು ಎಳೆಗಟ್ಟನ್ನು ದಾರದಿಂದ ಬಿಗಿದು, ಚರ್ಮಕ್ಕೆ ತಾಗುವ ಹಾಗೆ ಕತ್ತರಿಸುತ್ತಾರೆ. ಬುಡ ಯಾವುದು, ತುದಿ ಯಾವುದು ಎಂದು ಗುರುತು ಹಾಕಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುತ್ತಾರೆ. ಈ ಗುರುತು ತಪ್ಪಿದರೆ ಲೆಕ್ಕವೇ ತಲೆಕೆಳಗು. ಏಕೆಂದರೆ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಬುಡದ ಮೊದಲ ಸೆಂಟಿಮೀಟರ್ ಕಳೆದ ತಿಂಗಳದ್ದು, ಆರನೆಯದು ಅರ್ಧ ವರ್ಷದ ಹಿಂದಿನದು. ಮೂತ್ರ ಕೆಲವು ದಿನದ ಕಥೆ ಹೇಳಿದರೆ ಕೂದಲು ತಿಂಗಳುಗಟ್ಟಲೆಯದ್ದು ಹೇಳುತ್ತದೆ. ಹೆರಾಯಿನ್ ಸೇವಿಸಿದವರ ಕೂದಲಲ್ಲಿ ಅದರ ಗುರುತು ಹಿಡಿಯಬಹುದು ಎಂದು ಅಮೆರಿಕದಲ್ಲಿ 1979ರಲ್ಲೇ ತೋರಿಸಿದ್ದರು.

ನಮ್ಮಲ್ಲಿ ಜವಳದ ದಿನ ತೆಗೆಯುವ ಹುಟ್ಟುಗೂದಲನ್ನೇ ತೆಗೆದುಕೊಳ್ಳಿ. ಬಸುರಿಯಲ್ಲಿ ತಾಯಿ ಮೆಥಡೋನ್ ಕುಡಿಯುತ್ತಿದ್ದರೆ ಅದು ಹುಟ್ಟುಗೂದಲಲ್ಲೂ ಸೇರಿರುತ್ತದೆ. ಹಾಗಾಗಿ ತೀರಾ ಎಳೆ ಕೂಸಿನ ಕೂದಲಲ್ಲಿ ಮದ್ದು ಸಿಕ್ಕಿತೆಂದರೆ ಯಾರೋ ಬಾಯಿಗೆ ಹಾಕಿದರು ಎಂದಾಗುವುದಿಲ್ಲ. ಮೇಲಿನ ಮನೆಯ ಹುಡುಗನಿಗೆ ನಾಲ್ಕು ವರ್ಷ, ಆ ಕೂದಲು ಯಾವತ್ತೋ ಉದುರಿ ಹೋಗಿರುತ್ತದೆ. ಇಲ್ಲಿ ಬೇರೆ ದಾರಿ ಹುಡುಕಬೇಕು.

ದಾರಿಗಳು ಎರಡು. ಒಂದು ಒಳಗಿನಿಂದ: ಮದ್ದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಬುಡದಲ್ಲಿ ಬೆಳೆಯುವ ಕೂದಲಿಗೆ ಇಳಿಯುವುದು. ಇನ್ನೊಂದು ಹೊರಗಿನಿಂದ. ಮೆಥಡೋನ್ ಕುಡಿಯುವವರ ಬೆವರಿನಲ್ಲಿ ಮೆಥಡೋನ್ ಇರುತ್ತದೆ. ನಾಲ್ಕು ವರ್ಷದ ಮಗು ಎಲ್ಲಿ ಮಲಗುತ್ತದೆ ಹೇಳಿ? ಅಮ್ಮನ ತೋಳಿನ ಮೇಲೆ. ಅದೇ ದಿಂಬು, ಅದೇ ಹೊದಿಕೆ. ಲೋಟ ಹಿಡಿದ ಕೈಯಲ್ಲೇ ತಲೆ ಸವರುತ್ತಾಳೆ. ಮಕ್ಕಳ ಕೂದಲು ದೊಡ್ಡವರದ್ದಕ್ಕಿಂತ ತೆಳು, ಹೊರಗಿನದ್ದನ್ನು ಜಾಸ್ತಿ ಹೀರುತ್ತದೆ. ಲ್ಯಾಬಿನವರು ಮೊದಲು ಕೂದಲು ತೊಳೆಯುತ್ತಾರೆ, ನಿಜ. ಆದರೆ ಒಳಕ್ಕೆ ಇಳಿದ ಬೆವರೆಲ್ಲ ತೊಳೆದರೆ ಹೋಗುವುದಿಲ್ಲ. "ದೇಹದೊಳಗೆ ಮೆಥಡೋನ್ ಕರಗಿದಾಗ ಹುಟ್ಟುವ ಇಡಿಡಿಪಿ ಎಂಬ ವಸ್ತು ಸಿಕ್ಕಿದೆ, ಅಂದಮೇಲೆ ಕುಡಿದದ್ದೇ" ಎಂದು ಕೆಲವರು ವಾದಿಸುತ್ತಾರೆ. ಅದೂ ತಾಯಿಯ ಬೆವರಿನಲ್ಲಿರುತ್ತದೆ!

ಇಲ್ಲಿ ಅಳತೆ ಮಾಡುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನು ಹಿಡಿಯುವ ಯಂತ್ರಕ್ಕೆ ಅದು ಲೋಟದಿಂದ ಬಂತೋ ದಿಂಬಿನಿಂದ ಬಂತೋ ಹೇಳಲು ಬರುವುದಿಲ್ಲ.

ಇಷ್ಟು ಓದಿ "ಅಬ್ಬಾ, ಆಕೆ ನಿರಪರಾಧಿ" ಎಂದು ಹೋಗಿ ಅಪ್ಪಿಕೊಳ್ಳಬೇಡಿ. ನಿಮ್ಮ ಊರಿನ ಕಥೆಯನ್ನೇ ನೋಡಿ. 2006ರ ಅಕ್ಟೋಬರ್‌ನಲ್ಲಿ ಬ್ರೆಮೆನ್‌ನ ಒಂದು ಮನೆಯ ಫ್ರಿಜ್‌ನಲ್ಲಿ ಎರಡು ವರ್ಷದ ಹುಡುಗನ ಶವ ಸಿಕ್ಕಿತು. ಅವನನ್ನು ನೋಡಿಕೊಳ್ಳುತ್ತಿದ್ದವನು ಮೆಥಡೋನ್ ಚಿಕಿತ್ಸೆಯಲ್ಲಿದ್ದ ವ್ಯಸನಿ. ಮಗುವಿನ ಕಾನೂನು ಪೋಷಕರು ಬೇರೆ ಯಾರೂ ಅಲ್ಲ, ಯೂಗೆಂಡಾಮ್ಟ್‌ನವರೇ. ಆ ಖಾತೆಯ ಸಚಿವೆ ರಾಜೀನಾಮೆ ಕೊಟ್ಟರು. ವ್ಯಸನಿಗಳ ಮನೆಯ ಮಕ್ಕಳ ಕೂದಲು ಪರೀಕ್ಷೆ ಬ್ರೆಮೆನ್‌ನಲ್ಲಿ ಶುರುವಾದದ್ದು ಅದಾದ ಮೇಲೆ. 2012ರ ಜನವರಿಯಲ್ಲಿ ಪಕ್ಕದ ಹ್ಯಾಂಬರ್ಗ್‌ನಲ್ಲಿ ಹನ್ನೊಂದು ವರ್ಷದ ಹುಡುಗಿ ಮೆಥಡೋನ್‌ನಿಂದಲೇ ಸತ್ತಳು. ಆಕೆಯನ್ನು ಸಾಕಲು ಇಲಾಖೆಯೇ ಒಪ್ಪಿಸಿದ್ದ ಮನೆಯ ಗಂಡ ಹೆಂಡತಿ ಇಬ್ಬರೂ ಆ ಮದ್ದು ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಕತ್ತರಿ ಹಿಡಿದು ಬಂದ ಇಲಾಖೆಯವರನ್ನು ನಾನು ಬಯ್ಯಲಾರೆ. ಕಣ್ಣು ಮುಚ್ಚಿ ಕೂತರೆ ಏನಾಗುತ್ತದೆ ಎಂದು ಅವರು ನೋಡಿದ್ದಾರೆ.

ಕಣ್ಣು ಮುಚ್ಚಿ ಲ್ಯಾಬನ್ನು ನಂಬಿದರೆ ಏನಾಗುತ್ತದೆ ಎಂಬುದು ಗೊತ್ತಾಗಬೇಕಾದರೆ ಕೆನಡಾ ಕಡೆ ನೋಡಬೇಕು. ಟೊರಾಂಟೊದ ಮಕ್ಕಳ ಆಸ್ಪತ್ರೆ 'ಸಿಕ್‌ಕಿಡ್ಸ್‌'ನಲ್ಲಿ ಮದರಿಸ್ಕ್ ಎಂಬ ಲ್ಯಾಬ್ ಇತ್ತು. ಮಕ್ಕಳ ರಕ್ಷಣಾ ಸಂಸ್ಥೆಗಳ ಕೋರಿಕೆಯ ಮೇಲೆ 2005ರಿಂದ 2015ರವರೆಗೆ 16,000ಕ್ಕೂ ಹೆಚ್ಚು ಜನರ ಕೂದಲು ನೋಡಿತು. ಆಸ್ಪತ್ರೆಯ ಹೆಸರು ದೊಡ್ಡದು, ಯಾರೂ ಎದುರು ಪ್ರಶ್ನೆ ಕೇಳಲಿಲ್ಲ. ಆದರೆ ಅಲ್ಲಿ ವರ್ಷಗಟ್ಟಲೆ ಮೊದಲ ಹಂತದ ಸೋಸು ಪರೀಕ್ಷೆಯನ್ನೇ ಕೊನೆಯ ಉತ್ತರದ ಹಾಗೆ ಕೊಟ್ಟಿದ್ದರು. ಕೋರ್ಟಿಗೆ ಒಪ್ಪುವ ಎರಡನೇ ಪರೀಕ್ಷೆಯೇ ಇರಲಿಲ್ಲ. ನಿವೃತ್ತ ನ್ಯಾಯಾಧೀಶೆ ಸೂಸನ್ ಲ್ಯಾಂಗ್ 2015ರ ಡಿಸೆಂಬರ್‌ನಲ್ಲಿ ಆ ಪರೀಕ್ಷೆಗಳು ನಂಬಲರ್ಹವಲ್ಲ ಎಂದು ವರದಿ ಕೊಟ್ಟರು. ನ್ಯಾಯಾಧೀಶೆ ಜುಡಿತ್ ಬೀಮನ್ ಅವರ ಆಯೋಗ ಆಮೇಲೆ 1,271 ಕುಟುಂಬ ಪ್ರಕರಣಗಳನ್ನು ತಿರುವಿ ಹಾಕಿ, 56ರಲ್ಲಿ ತೀರ್ಪಿನ ಮೇಲೆ ಆ ಕೂದಲಿನ ವರದಿ ಬಲವಾಗಿ ಕೆಲಸ ಮಾಡಿದೆ ಎಂದು 2018ರಲ್ಲಿ ಹೇಳಿತು. ಎಷ್ಟೋ ಮಕ್ಕಳು ಆ ಹೊತ್ತಿಗೆ ದತ್ತು ಹೋಗಿದ್ದರು. ವಾಪಸ್ ಬಂದದ್ದು ಕೆಲವೇ ಮನೆಗಳಿಗೆ.

ನನಗೆ ಸರಿ ಕಾಣುವುದು ಬರ್ಲಿನ್‌ನ ಷಾರಿಟೆ ಆಸ್ಪತ್ರೆಯ ಫ್ರಿಟ್ಸ್ ಪ್ರಾಗ್ಸ್ಟ್ ಅವರ ನಿಲುವು. ಇಂಥ ಮನೆಗಳ ಮಕ್ಕಳ ಕೂದಲನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿದವರು ಅವರು. ಅವರು ಹೇಳುವುದು ಇಷ್ಟು: ಮದ್ದು ಸಿಕ್ಕ ಮಾತ್ರಕ್ಕೆ ಮಗು ಅದನ್ನು ನುಂಗಿದೆ ಎಂದಲ್ಲ, ಆದರೆ ಮಗುವಿನ ಸುತ್ತಮುತ್ತ ಮದ್ದು ಇದೆ ಎಂಬುದಂತೂ ಖಚಿತ. ಅಲ್ವಾ? ಹಾಗಿದ್ದ ಮೇಲೆ ಆ ಕಾಗದ ಹಿಡಿದು ಕೋರ್ಟಿಗೆ ಓಡುವ ಮೊದಲು ಆ ಮನೆಗೆ ಹೋಗಿ ನೋಡಬೇಕು.

ನೀವು ಒಂದು ಮಹಡಿ ಹತ್ತಿದರೆ ಸಾಕು. ವಾರಕ್ಕಾಗುವಷ್ಟು ಮದ್ದನ್ನು ಡಾಕ್ಟರ್ ಮನೆಗೆ ಬರೆದುಕೊಡುವುದುಂಟು. ಅದನ್ನು ಎಲ್ಲಿಡುತ್ತಾಳೆ ಕೇಳಿ. ಫ್ರಿಜ್ ಬಾಗಿಲಲ್ಲಿ ಹಾಲಿನ ಪಕ್ಕ ಇದ್ದರೆ ಅಲ್ಲೇ ನಿಂತು ಜಗಳ ಮಾಡಿ. ಜರ್ಮನಿಯಲ್ಲಿ ಸಾಮಾನ್ಯವಾಗಿ ಕೊಡುವ ದ್ರಾವಣದಲ್ಲಿ 1 ಮಿಲಿಲೀಟರ್‌ಗೆ 10 ಮಿಲಿಗ್ರಾಂ ಮೆಥಡೋನ್ ಇರುತ್ತದೆ. ಆಕೆ ದಿನಾ 60 ಮಿಲಿಗ್ರಾಂ ಕುಡಿದು ಆರಾಮಾಗಿ ಓಡಾಡಬಹುದು. ಚಿಕ್ಕ ಮಗುವಿನ ಪ್ರಾಣ ಹೋಗಲು 10 ಮಿಲಿಗ್ರಾಂ ಸಾಕು, ಅಂದರೆ 1 ಮಿಲಿಲೀಟರ್. ಚಹಾ ಚಮಚದಲ್ಲಿ ಕಾಲು ಭಾಗವೂ ಅಲ್ಲ, ಲೋಟದ ತಳದಲ್ಲಿ ತೊಳೆಯದೆ ಉಳಿಯುವಷ್ಟು. ಇನ್ನೊಂದು ಮಾತು: ಈ ಮದ್ದು ನಿಧಾನಕ್ಕೆ ಏರುತ್ತದೆ. ಮಗು ಸಂಜೆ ಆಟ ಆಡಿಕೊಂಡಿದ್ದು ರಾತ್ರಿ ನಿದ್ದೆಯಲ್ಲಿ ಉಸಿರು ನಿಲ್ಲಿಸಬಹುದು. ತೂಕಡಿಕೆ, ಸೂಜಿಮೊನೆಯಂಥ ಕಣ್ಣಪಾಪೆ, ತಡೆದು ತಡೆದು ಬರುವ ಉಸಿರು ಕಂಡರೆ "ಮಲಗಲಿ ಬಿಡು" ಅನ್ನಬೇಡಿ, 112ಕ್ಕೆ ಫೋನ್ ಮಾಡಿ.

ವಕೀಲರನ್ನು ನೋಡುವಾಗ ವರದಿಯ ಪೂರ್ತಿ ಪ್ರತಿ ಇರಲಿ, ಬರೀ 'ಪಾಸಿಟಿವ್' ಎಂದು ಬರೆದ ಪುಟ ಅಲ್ಲ. ಕೂದಲನ್ನು ತುಂಡು ತುಂಡಾಗಿ ನೋಡಿದರಾ, ಒಟ್ಟಿಗೆ ಅರೆದರಾ? ತೊಳೆದ ನೀರನ್ನೂ ಪರೀಕ್ಷಿಸಿದರಾ? ತಾಯಿಯ ಕೂದಲನ್ನು ಜೊತೆಗೆ ನೋಡಿದರಾ? ಉದ್ದಕ್ಕೂ ಒಂದೇ ಸಮ ಇದ್ದರೆ ಅಥವಾ ತುದಿಯ ಕಡೆಗೆ ಏರುತ್ತಾ ಹೋದರೆ ಹೊರಗಿನಿಂದ ಅಂಟಿದ್ದಿರಬಹುದು. ಯಾವುದೋ ಒಂದು ತಿಂಗಳಲ್ಲಿ ಮಾತ್ರ ಗುಡ್ಡದ ಹಾಗೆ ಎದ್ದಿದ್ದರೆ, ಆ ತಿಂಗಳಲ್ಲಿ ಮನೆಯಲ್ಲಿ ಏನಾಯಿತೆಂದು ಆಕೆಯೇ ನೆನಪು ಮಾಡಿಕೊಳ್ಳಬೇಕಾಗುತ್ತದೆ.

ಮೇಲಕ್ಕೆ ಹೋಗುವಾಗ ಬೀಗವಿರುವ ಒಂದು ಪುಟ್ಟ ಪೆಟ್ಟಿಗೆ ತೆಗೆದುಕೊಂಡು ಹೋಗಿ. ಕೀಲಿ ಆಕೆಯ ಕೊರಳಲ್ಲಿರಲಿ. ಪಾಯಸವನ್ನೂ ಒಯ್ಯಿರಿ, ಆದರೆ ವಕೀಲರ ಕೆಲಸ ಮುಗಿಯುವವರೆಗೆ ಶಾವಿಗೆಯದ್ದು ಮಾಡಿ. ಮುಂದಿನ ಸಲ ಕತ್ತರಿ ಹಾಕಿದಾಗ ವರದಿಯಲ್ಲಿ ಮಾರ್ಫಿನ್ ಎಂಬ ಹೊಸ ಗಲಾಟೆ ಯಾಕೆ?