ಓದದೆ ಉಳಿದ ಪುಸ್ತಕಗಳನ್ನು ಎಲ್ಲಿಂದ ಶುರು ಮಾಡುವುದು?

ಮನೆಯಲ್ಲಿ ಓದದ ಪುಸ್ತಕ ರಾಶಿ ಇದ್ದರೂ ಹೊಸದನ್ನೇ ಕೊಳ್ಳುತ್ತೇನೆ, ಹಳೆಯವನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಇಡೀ ಕಪಾಟು ಖಾಲಿ ಮಾಡಲು ಹೋಗಬೇಡಿ. ಸುಸ್ತಾಗಿ ಹಾಗೇ ವಾಪಸ್ ತುರುಕುತ್ತೀರಿ. ಹಿಂದಿನ ಸಾಲನ್ನು ಮಾತ್ರ ಮುಂದೆ ತನ್ನಿ. ಮರೆತ ಪುಸ್ತಕ ಜಾಸ್ತಿ ಇರುವುದೇ ಅಲ್ಲಿ, ಅಲ್ವಾ? ಒಂದೊಂದನ್ನೂ ನಡುವೆ ಎಲ್ಲೋ ತೆರೆದು ಸುಮ್ನೆ ಎರಡು ಪುಟ ಓದಿ. ಉದ್ದನೆಯ ಮುನ್ನುಡಿಗೆ ಹೆದರಿಯೇ ನಾವು ಎಷ್ಟೋ ಪುಸ್ತಕ ಕೆಳಗಿಟ್ಟಿರುತ್ತೇವೆ. ಒಳಗೆ ಹಳೇ ಟಿಕೆಟ್ಟೋ ಪೆನ್ಸಿಲ್ ಗೆರೆಯೋ ಸಿಕ್ಕರೆ ಆ ಪುಟದಿಂದಲೇ ಹಿಡಿಯಿರಿ.

ಹಾಂ, ವಾಸನೆ ಬರುತ್ತಿದೆ ಅಂತ ಬಿಸಿಲಿಗೆ ಇಡಬೇಡಿ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಇನ್ನೂ ಹಳದಿಯಾಗುತ್ತದೆ. ನೆರಳಲ್ಲಿ ಗಾಳಿಯಾಡಲು ಬಿಟ್ಟು, ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಸಣ್ಣ ತೂತುಗಳಿದ್ದು ಪುಡಿ ಉದುರುತ್ತಿದ್ದರೆ ಅದು ಹುಳುವಿನ ಕೆಲಸ. ಆ ಪುಸ್ತಕವನ್ನು ಬೇರೆ ಇಡಿ.