ಎಡ ಬ್ಯಾರೆಲ್ ಮಾತ್ರ ಹೊಡೆಯದಿದ್ದರೆ

ನಮಸ್ಕಾರ. ಅಜ್ಜನ ಕಾಲದ ಡಬಲ್ ಬ್ಯಾರೆಲ್ ಬಂದೂಕಿನಲ್ಲಿ ಬಲಗಡೆ ಸರಿಯಾಗಿ ಹೊಡೆಯುತ್ತದೆ, ಎಡಗಡೆ ಟಕ್ ಅಂದು ಸುಮ್ನಾಗುತ್ತದೆ ಅಂತ ಕೇಳಿದ್ದೀರಿ ಅಲ್ವಾ? ಮೊದಲನೆಯದು, ಹಾಗೆ ಟಕ್ ಅಂದ ತಕ್ಷಣ ಬಂದೂಕು ತೆರೆಯಬೇಡಿ. ತೋಟಾ ತಡವಾಗಿ ಹೊತ್ತಿಕೊಳ್ಳಬಹುದು. ಬಂದೂಕಿನ ಬಾಯಿಯನ್ನು ಯಾರೂ ಇಲ್ಲದ ಕಡೆ ಹಿಡಿದು ಒಂದು ನಿಮಿಷ ಕಾಯಿರಿ.

ಆಮೇಲೆ ಆ ತೋಟಾ ತೆಗೆದು, ಅದರ ಕ್ಯಾಪ್ (ತೋಟಾದ ಹಿಂಬದಿ ನಡುವೆ ಇರುವ, ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ) ಮೇಲಿರುವ ಕುಳಿಯನ್ನು, ಬಲಗಡೆ ಹೊಡೆದ ಖಾಲಿ ತೋಟಾದ ಕುಳಿಯ ಪಕ್ಕ ಇಟ್ಟು ಬೆಳಕಿನಲ್ಲಿ ನೋಡಿ. ಕುಳಿಯೇ ಇಲ್ಲದಿದ್ದರೆ ಪಿನ್, ಅಂದರೆ ಕ್ಯಾಪಿಗೆ ಬಡಿಯುವ ಮೊಳೆ, ಮುರಿದಿರಬಹುದು. ಕುಳಿ ಮೇಲುಮೇಲೆ ಬಿದ್ದಿದ್ದರೆ ಸ್ಪ್ರಿಂಗ್ ಸೋತಿರಬಹುದು, ಅಥವಾ ಪಿನ್ನಿನ ತುದಿ ಸವೆದಿರಬಹುದು. ಆದರೆ ನನಗೆ ಜಾಸ್ತಿ ಅನುಮಾನ ಹಳೆ ಎಣ್ಣೆಯ ಮೇಲೆ. ನಮ್ಮ ಕಲಬುರಗಿ ಬಿಸಿಲಿಗೆ, ತೊಗರಿ ರಾಶಿಯ ಧೂಳಿಗೆ, ವರ್ಷಗಟ್ಟಲೆ ಮೂಲೆಯಲ್ಲಿದ್ದ ಬಂದೂಕಿನೊಳಗಿನ ಎಣ್ಣೆ ಗೋಂದಿನ ಹಾಗೆ ಅಂಟಾಗಿ ಪಿನ್ನನ್ನು ಹಿಡಿದುಕೊಳ್ಳುತ್ತದೆ.

ಬಂದೂಕು ಖಾಲಿ ಮಾಡಿ, ಬ್ಯಾರೆಲ್ ಕೆಳಗಿನ ಮುಂದಿನ ಕಟ್ಟಿಗೆ ತೆಗೆದು, ಮುಚ್ಚಿ ಅಲುಗಾಡಿಸಿ. ಬ್ಯಾರೆಲ್ ಅಲುಗಿದರೆ ಕೀಲು ಸವೆದಿದೆ, ಹೊಡೆಯಲೇಬೇಡಿ. ಲಾಕ್, ಅಂದರೆ ಸ್ಪ್ರಿಂಗ್ ಇರುವ ಒಳಗಿನ ಹೊಡೆಯುವ ಭಾಗ, ಮಾತ್ರ ಮನೆಯಲ್ಲಿ ಬಿಚ್ಚಬೇಡಿ. 1959ರ ಆಯುಧ ಕಾಯ್ದೆಯಂತೆ ಬಂದೂಕು ರಿಪೇರಿ ಕೆಲಸಕ್ಕೂ ಲೈಸೆನ್ಸ್ ಬೇಕು, ಅಂಥವರ ಹತ್ತಿರವೇ ಒಯ್ಯಿರಿ. ಎರಡೂ ತೋಟಾ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.