ಮಾಸ್ಟ್ರೇ, ಒಂದು ಪ್ರಶ್ನೆ: ನೇರಳೆ ಬಣ್ಣದ ಸುಳ್ಳು

(ನಿವೃತ್ತ ಸಮಾಜ ಪಾಠದ ಮಾಸ್ಟ್ರು ಪೆರ್ಲದಿಂದ ಉತ್ತರಿಸುತ್ತಾರೆ. ಈ ಸಲ ಆಸ್ಟ್ರೇಲಿಯದ ಚುನಾವಣೆ ಬಗ್ಗೆ ಬಂದ ಪತ್ರಗಳು.)

ಅಣ್ಣನ ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಅಲ್ಲಿಯದೇ ಪೌರತ್ವ. "ಯಾವ ಪಾರ್ಟಿ ಮೇಲೂ ನಂಬಿಕೆ ಇಲ್ಲ ಚಿಕ್ಕಪ್ಪ, ದಂಡ ಬೀಳ್ತದೆ ಅಂತ ವೋಟು ಹಾಕಿ ಬರ್ತೇನೆ" ಅನ್ನುತ್ತಾನೆ. ಇಂಥ ಮತಕ್ಕೆ ಏನು ಬೆಲೆ ಮಾಸ್ಟ್ರೇ?
– ಓದುಗರು, ನೀರ್ಚಾಲು

ದಂಡ 20 ಡಾಲರ್. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೆ ಸ್ವಲ್ಪ ಜಾಸ್ತಿ. ಅದಕ್ಕೆ ಹೆದರಿ ಹೋಗುವವರು ಇದ್ದಾರೆ, ಇರಲಿ. 1922ರಲ್ಲಿ ಅಲ್ಲಿ ನೂರಕ್ಕೆ 60 ಜನವೂ ಮತಗಟ್ಟೆಗೆ ಬಂದಿರಲಿಲ್ಲ. 1924ರಲ್ಲಿ ಕಡ್ಡಾಯದ ಕಾನೂನು ಬಂತು. ಮರುವರ್ಷದ ಚುನಾವಣೆಯಲ್ಲಿ 91 ದಾಟಿತು. ಕಾನೂನು ಕೇಳುವುದು ಬಂದು ಚೀಟಿ ಹಾಕಿ ಎಂದು, ಯಾರನ್ನಾದರೂ ಮೆಚ್ಚಿ ಎಂದಲ್ಲ.

ನಿಮ್ಮ ಹುಡುಗನ ಬೇಜಾರಿಗೆ ಕಾರಣ ಇದೆ. 2010ರಿಂದ 2018ರ ಒಳಗೆ ಅಲ್ಲಿಯ ಎರಡೂ ದೊಡ್ಡ ಪಕ್ಷಗಳು, ಅಂದರೆ ಲೇಬರ್ ಮತ್ತು ಲಿಬರಲ್, ಸೇರಿ ನಾಲ್ಕು ಸಲ ಪ್ರಧಾನಿಯನ್ನು ಪಕ್ಷದೊಳಗೇ ಇಳಿಸಿದವು. ರಡ್ ಹೋಗಿ ಗಿಲಾರ್ಡ್, ಗಿಲಾರ್ಡ್ ಹೋಗಿ ಮತ್ತೆ ರಡ್, ಆಮೇಲೆ ಚುನಾವಣೆ ಗೆದ್ದ ಅಬಾಟ್ ಹೋಗಿ ಟರ್ನ್‌ಬುಲ್, ಟರ್ನ್‌ಬುಲ್ ಹೋಗಿ ಮಾರಿಸನ್. ಜನರನ್ನು ಕೇಳಿದವರಿಲ್ಲ. ಹಾಗಾದರೆ ನಾವು ಮತ ಹಾಕಿದ್ದು ಯಾರಿಗೆ ಅಂತ ಅನಿಸದೆ ಇರುತ್ತದೆಯೇ?

ಆದರೆ ಆ ಸಿಟ್ಟು ಲೆಕ್ಕಕ್ಕೆ ಬರುತ್ತದೆ, ಅದು ನನಗೆ ಹಿಡಿಸುವ ಸಂಗತಿ. ಅಲ್ಲಿ ಚೀಟಿಯಲ್ಲಿ ಅಭ್ಯರ್ಥಿಗಳಿಗೆ 1, 2, 3 ಅಂತ ನಂಬರ್ ಕೊಡಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ತೆಗೆದು, ಅವರ ಚೀಟಿಗಳನ್ನು ಅವುಗಳಲ್ಲಿ 2 ಎಂದು ಬರೆದವರಿಗೆ ಹಂಚುತ್ತಾರೆ. ದೊಡ್ಡವರ ಮೇಲೆ ಸಿಟ್ಟಿದ್ದರೆ ಸಣ್ಣವರಿಗೆ 1 ಕೊಡಬಹುದು, ಮತ ಹಾಳಾಗುವುದಿಲ್ಲ. 2022ರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಹಾಗೇ ಮಾಡಿದರು. 151 ಸೀಟುಗಳಲ್ಲಿ 16 ಎರಡೂ ದೊಡ್ಡ ಪಕ್ಷಗಳ ಹೊರಗಿನವರಿಗೆ ಹೋದವು.

ನಮ್ಮ ಮಂಜೇಶ್ವರ ನೆನಪಿದೆಯಲ್ವಾ? 2016ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದ ಅಂತರ 89 ಮತ. ಮೂರನೇ ಸ್ಥಾನದವರಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಮತ ಬಂದಿತ್ತು. ಆ ನಲವತ್ತು ಸಾವಿರ ಜನರನ್ನು "ಉಳಿದಿಬ್ಬರಲ್ಲಿ ನಿಮಗೆ ಯಾರಾದೀತು?" ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಯಾರು ಗೆಲ್ಲುತ್ತಿದ್ದರು ಅಂತ ನನ್ನ ಬಾಯಿಂದ ಹೇಳಿಸಬೇಡಿ, ನಾನು ಇದೇ ಊರಲ್ಲಿ ಇರಬೇಕಾದವನು.

ಆ ಪದ್ಧತಿಗೂ ಓರೆಕೋರೆ ಇದೆ. 2025ರಲ್ಲಿ ಲೇಬರ್ ಪಕ್ಷಕ್ಕೆ ಮೊದಲ ನಂಬರ್ ಕೊಟ್ಟವರು ನೂರಕ್ಕೆ ಸುಮಾರು 35 ಮಾತ್ರ. ಸೀಟು 150ರಲ್ಲಿ 94!

ಚುನಾವಣೆ ಬಂತೆಂದರೆ ನಮ್ಮ ವಾಟ್ಸಾಪ್ ತುಂಬ ಕಸ. ಅಷ್ಟು ಓದಿದವರ ದೇಶದಲ್ಲೂ ಹೀಗೇನಾ?
– ಓದುಗರು, ಬದಿಯಡ್ಕ

ಓದಿಗೂ ಇದಕ್ಕೂ ಸಂಬಂಧ ಕಡಿಮೆ. 2019ರಲ್ಲಿ ಲೇಬರ್ ಗೆದ್ದರೆ ಸತ್ತವರ ಆಸ್ತಿಗೆ ತೆರಿಗೆ ಹಾಕುತ್ತದೆ ಎಂಬ ಸುಳ್ಳು ಫೇಸ್‌ಬುಕ್ಕಿನಲ್ಲಿ ಊರೆಲ್ಲ ಸುತ್ತಿತು. ಆ ಪಕ್ಷದ ಕಾರ್ಯಕ್ರಮದಲ್ಲಿ ಹಾಗೆ ಏನೂ ಇರಲಿಲ್ಲ.

ಆದರೆ ಸುಳ್ಳಲ್ಲೂ ತರತಮ ಇದೆ. ರಾಜಕಾರಣಿ ತನ್ನ ಬಾಯಲ್ಲಿ ಸುಳ್ಳು ಹೇಳಿದರೆ ಕೇಳುವವನಿಗೆ ಒಂದು ಅನುಮಾನ ಇದ್ದೇ ಇರುತ್ತದೆ. ಸರಕಾರಿ ಕಚೇರಿಯ ವೇಷ ಹಾಕಿ ಬಂದರೆ ಇರುವುದಿಲ್ಲ. 2016ರ ಮತದಾನದ ದಿನ ಅಲ್ಲಿ ಕೆಲವರ ಮೊಬೈಲಿಗೆ ಒಂದು ಮೆಸೇಜು ಬಂತು. ಕಳಿಸಿದವರ ಜಾಗದಲ್ಲಿ ‘ಮೆಡಿಕೇರ್’ ಅಂತ ಇತ್ತು, ಅಂದರೆ ಸರಕಾರದ ಆರೋಗ್ಯ ಯೋಜನೆಯ ಹೆಸರು. ಮೆಡಿಕೇರನ್ನು ಖಾಸಗಿಯವರಿಗೆ ಕೊಡುತ್ತಾರೆ, ಉಳಿಸಿಕೊಳ್ಳಿ ಎಂಬ ಅರ್ಥದ ಮಾತು. ಕಳಿಸಿದ್ದು ಲೇಬರ್ ಪಕ್ಷದ ಕ್ವೀನ್ಸ್‌ಲ್ಯಾಂಡ್ ಶಾಖೆ. ಗಲಾಟೆಯಾಯಿತು, 2018ರಲ್ಲಿ ಸರಕಾರಿ ಸಂಸ್ಥೆಯ ಸೋಗು ಹಾಕುವುದೇ ಅಪರಾಧ ಎಂದು ಕಾನೂನು ಬಂತು.

ಮರುವರ್ಷ ಎದುರಿನವರ ಸರದಿ. ಮೆಲ್ಬರ್ನಿನ ಚಿಸಮ್ ಕ್ಷೇತ್ರದಲ್ಲಿ ಚೀನೀ ಮೂಲದವರು ಬಹಳ ಇದ್ದಾರೆ. ಮತಗಟ್ಟೆಗಳ ಹತ್ತಿರ ಚೀನೀ ಭಾಷೆಯ ಪೋಸ್ಟರುಗಳು ಎದ್ದವು. ಬಣ್ಣ ನೇರಳೆ ಮತ್ತು ಬಿಳಿ, ಥೇಟ್ ಚುನಾವಣಾ ಆಯೋಗದ್ದೇ. ಅದರಲ್ಲಿ ಬರೆದದ್ದು ಇಷ್ಟು: ಸರಿಯಾಗಿ ಮತ ಹಾಕುವ ಕ್ರಮ ಯಾವುದೆಂದರೆ ಲಿಬರಲ್ ಅಭ್ಯರ್ಥಿಯ ಮುಂದೆ 1 ಬರೆಯುವುದು. ಪಕ್ಷದ ಗುರುತು ಎದ್ದು ಕಾಣುವಂತೆ ಇರಲಿಲ್ಲ. ಗೆಲುವಿನ ಅಂತರ 1,090 ಮತ. ಪೋಸ್ಟರು ದಾರಿ ತಪ್ಪಿಸುವಂಥದ್ದು ಎಂದು ನ್ಯಾಯಾಲಯ ಒಪ್ಪಿತು. ಆದರೆ ಅದರಿಂದ ಫಲಿತಾಂಶ ಬದಲಾಗಿರಲಾರದು ಎಂದು ಚುನಾವಣೆಯನ್ನು ರದ್ದು ಮಾಡಲಿಲ್ಲ.

ನನಗೆ ಇದನ್ನು ಓದಿ ಮೈ ಉರಿಯಿತು. ಯಾಕೆಂದರೆ ನಾವು ಕಾಸರಗೋಡಿನ ಕನ್ನಡದವರು. ಕಚೇರಿಯಿಂದ ಮಲಯಾಳದಲ್ಲಿ ಕಾಗದ ಬಂದರೆ ಪಕ್ಕದ ಮನೆಯ ಹುಡುಗನಿಗೆ ಕೊಟ್ಟು ಓದಿಸುವ ಅಜ್ಜಿಯಂದಿರು ಎಷ್ಟು ಮನೆಯಲ್ಲಿಲ್ಲ? ರಾಜ್ಯದ ಭಾಷೆ ಬಾರದವರಿಗೆ ತಮ್ಮ ಭಾಷೆಯಲ್ಲಿ ಒಂದು ಬೋರ್ಡು ಕಂಡರೆ ಸಾಕು, ಅದು ದೇವರ ಮಾತು. ಅಲ್ಲಿಯೇ ಮೋಸ ಮಾಡುವುದೆಂದರೆ! ನಾನು ಮತಗಟ್ಟೆ ಡ್ಯೂಟಿ ಮಾಡಿದವನು. ಬೋರ್ಡು ತೋರಿಸಿ "ಮಾಸ್ಟ್ರೇ, ಇದು ಏನಂತೆ?" ಎಂದು ಕೇಳುವವರ ಮುಖ ನನಗೆ ಗೊತ್ತು. ಹಾಗಾಗಿ ಬದಿಯಡ್ಕದವರೇ, ಫಾರ್ವರ್ಡ್ ಬಂದಾಗ ಏನು ಬರೆದಿದೆ ಎನ್ನುವುದಕ್ಕಿಂತ ಮೊದಲು ಯಾರ ಹೆಸರು, ಯಾರ ಮುದ್ರೆ ಹಾಕಿದ್ದಾರೆ ನೋಡಿ. ಕಲೆಕ್ಟರ ಹೆಸರಿದ್ದರೆ ಇನ್ನೂ ಜಾಸ್ತಿ ಅನುಮಾನಪಡಿ.

ರಾಜಕೀಯ ಜಾಹೀರಾತಿನಲ್ಲಿ ಸುಳ್ಳು ಹೇಳಬಾರದೆಂಬ ಕಾನೂನು ದಕ್ಷಿಣ ಆಸ್ಟ್ರೇಲಿಯ ರಾಜ್ಯದಲ್ಲಿ 1985ರಿಂದ ಇದೆ. ಇಡೀ ದೇಶಕ್ಕೆ ಇಲ್ಲ. ಜಾಲತಾಣಗಳ ತಪ್ಪು ಮಾಹಿತಿ ತಡೆಯುವ ಮಸೂದೆಯೊಂದು ತಂದರು. ಮಾತಾಡುವ ಹಕ್ಕಿಗೆ ಕುತ್ತು ಎಂಬ ಕೂಗೆದ್ದು, ಸಂಸತ್ತಿನ ಬೆಂಬಲವೂ ಸಿಗದೆ, 2024ರ ನವೆಂಬರಿನಲ್ಲಿ ಕೈಬಿಟ್ಟರು. ಸತ್ಯ ಯಾವುದೆಂದು ಸರಕಾರ ತೀರ್ಮಾನಿಸುವುದು ನನಗೂ ಇಷ್ಟವಿಲ್ಲ. ಸೋಗು ಹಾಕಿದವನನ್ನು ಹಿಡಿಯುವುದು ಬೇರೆ ಕೆಲಸ, ಅದನ್ನು ಮಾಡಬಹುದು.

ದುಡ್ಡು ಚೆಲ್ಲಿ, ಆವೇಶದ ಭಾಷಣ ಮಾಡಿ ಗೆಲ್ಲುವವರು ಅಲ್ಲಿಲ್ಲವೇ?
– ಓದುಗರು, ಉಪ್ಪಳ

ದುಡ್ಡು ಚೆಲ್ಲಿದವರು ಗಣಿ ಧಣಿ ಕ್ಲೈವ್ ಪಾಮರ್. 2019ರಲ್ಲಿ ಎಲ್ಲೆಂದರಲ್ಲಿ ಅವರ ಹಳದಿ ಜಾಹೀರಾತು, ಸೀಟು ಸೊನ್ನೆ. 2022ರಲ್ಲಿ ನೂರು ಮಿಲಿಯನ್ ಡಾಲರಿಗೂ ಮೀರಿ ಸುರಿದು ತಮ್ಮ ಪಕ್ಷಕ್ಕೆ ಸೆನೆಟ್ಟಿನ, ಅಂದರೆ ಮೇಲ್ಮನೆಯ, ಒಂದು ಕುರ್ಚಿ ಪಡೆದರು. ಅದೇ ಮೀನು-ಚಿಪ್ಸ್ ಅಂಗಡಿ ನಡೆಸುತ್ತಿದ್ದ ಪಾಲೀನ್ ಹ್ಯಾನ್ಸನ್‌ರನ್ನು ನೋಡಿ. 1996ರಲ್ಲಿ ಪಕ್ಷ ಕೈಬಿಟ್ಟರೂ ಗೆದ್ದರು. ಏಷ್ಯದವರು ನಮ್ಮನ್ನು ಮುಳುಗಿಸುತ್ತಾರೆ ಎಂದು ಸಂಸತ್ತಿನಲ್ಲಿ ಹೇಳಿದರು. 1997ರಲ್ಲಿ ‘ವನ್ ನೇಷನ್’ ಪಕ್ಷ ಕಟ್ಟಿದರು, ನಡುವೆ ಸೋತರು, 2016ರಲ್ಲಿ ಸೆನೆಟ್ಟಿಗೆ ಬಂದರು. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ನಮ್ಮನ್ನು ಯಾರೂ ಕೇಳುವವರಿಲ್ಲ ಎಂಬ ಹಳ್ಳಿ ಪೇಟೆಗಳ ಜನರ ಸಂಕಟಕ್ಕೆ ಕಿವಿಗೊಟ್ಟದ್ದರಿಂದಲೇ ಅವರು ಇಷ್ಟು ವರ್ಷ ಉಳಿದಿದ್ದಾರೆ. ಅದು ಜಾಹೀರಾತಿಗೆ ಸಿಗುವ ಸಾಮಾನಲ್ಲ.

ಅಲ್ಲಿ ಪೆನ್ಸಿಲಿನಲ್ಲಿ ಮತ ಹಾಕುತ್ತಾರಂತೆ. ಉಜ್ಜಿ ಅಳಿಸಿದರೆ?
– ವಿದ್ಯಾರ್ಥಿನಿ, ಮುಳ್ಳೇರಿಯ

ಇದೇ ಪ್ರಶ್ನೆ ಅಲ್ಲಿಯೂ ಹರಿದಾಡುತ್ತದೆ ಮಗಳೇ. ಪೆಟ್ಟಿಗೆಗೆ ನಂಬರಿನ ಸೀಲು ಇರುತ್ತದೆ. ಅದೇ ಮತಗಟ್ಟೆಯಲ್ಲಿ ಅದೇ ರಾತ್ರಿ ಎಣಿಕೆ ಶುರು. ಅಭ್ಯರ್ಥಿಗಳ ಕಡೆಯವರು ಕಣ್ಣಿಟ್ಟು ಕೂತಿರುತ್ತಾರೆ. ಅಷ್ಟು ಜನರ ಎದುರು ರಬ್ಬರ್ ಹಿಡಿಯುವ ಧೈರ್ಯ ಯಾರಿಗಿದೆ? ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಮನೆಯಿಂದ ಪೆನ್ನು ತಂದರೂ ಅಡ್ಡಿಯಿಲ್ಲ.